ದೊಡ್ಡಪ್ಪನ ಪಿತ್ತ

ಜನವರಿ. ಹಣ್ಣು ಕುಯ್ಯೋ ಕೆಲಸ ಜೋರಾಗಿತ್ತು. ಮೂಡಿಗೆರೆ ಹತ್ತಿರದ ನಮ್ಮ ತೋಟದ ಕಣದಲ್ಲಿ ದೊಡ್ಡಪ್ಪ ಕಾಫಿ ಹರಡಿಸುತ್ತಾ ನಿಂತಿದ್ದರು. ಇದ್ದಕ್ಕಿದ್ದಂತೆ ಎಡಗಣ್ಣಿಗೆ ಮೇಲಿಂದ ಪರದೆ ಇಳಿದ ಹಾಗಾಯಿತಂತೆ. ಐದು ನಿಮಿಷಕ್ಕೆ ಮತ್ತೆ ಬೆಳಕು. "ಬಿಸಿಲಿಗೆ ಪಿತ್ತ ಏರಿದೆ ಕಣೋ" ಅಂದರು. ದೊಡ್ಡಮ್ಮ ನಿಂಬೆ ಶರಬತ್ತು ಕೊಟ್ಟರು. ನಾವೂ ಸುಮ್ನಾದೆವು.

ನಾಲ್ಕು ದಿನ ಬಿಟ್ಟು ಊಟಕ್ಕೆ ಕೂತಾಗ ಬಲಗೈಯಿಂದ ಅಕ್ಕಿರೊಟ್ಟಿ ಜಾರಿತು. ಬೆರಳು ಮಡಚೋಕೇ ಆಗ್ತಿಲ್ಲ. ಕಾಲು ಗಂಟೆಯಲ್ಲಿ ಅದೂ ಸರಿಹೋಯಿತು. ನಾನು ಮಾತ್ರ ಬಿಡಲಿಲ್ಲ, ಅವತ್ತೇ ಚಿಕ್ಕಮಗಳೂರಿಗೆ ಕರೆದೊಯ್ದೆ. ಡಾಕ್ಟರು ಸ್ಟೆತೊಸ್ಕೋಪನ್ನು ಎದೆಗಲ್ಲ, ಕತ್ತಿಗೆ ಇಟ್ಟರು. ಸುಯ್ ಅನ್ನೋ ಸದ್ದು. ರಕ್ತದ ಹರಿವು ತೋರಿಸೋ ಡಾಪ್ಲರ್ ಸ್ಕ್ಯಾನ್‌ನಲ್ಲಿ ಎಡಗಡೆ ಕತ್ತಿನ ರಕ್ತನಾಳ 80% ಕಿರಿದಾಗಿತ್ತು.

ಎಡಗಣ್ಣು, ಬಲಗೈ, ಎರಡಕ್ಕೂ ಒಂದೇ ಕಾರಣವಾ? ಹೌದು. ಆ ನಾಳ ಎಡಗಣ್ಣಿಗೂ ಮೆದುಳಿನ ಎಡಭಾಗಕ್ಕೂ ರಕ್ತ ಕೊಡುತ್ತದೆ. ಬಲಗೈ ನಡೆಸೋದು ಎಡ ಮೆದುಳು. ನಾನು ಅಂದುಕೊಂಡಿದ್ದು ಪೈಪ್ ಕಟ್ಟಿಕೊಂಡು ರಕ್ತ ಹೋಗ್ತಿಲ್ಲ ಅಂತ. ಜಾಸ್ತಿ ಅಪಾಯ ಅದಲ್ಲವಂತೆ. ಒಳಗೆ ಕೂತ ಕೊಬ್ಬಿನ ಪದರದ ಚೂರು, ಅದರ ಮೇಲೆ ಹೆಪ್ಪುಗಟ್ಟಿದ ರಕ್ತ ಕಿತ್ತುಕೊಂಡು ಮೇಲೆ ಹೋಗುತ್ತದೆ. ಕಾಫಿ ಹೂ ಬಿಡೋಕೆ ಬೇಕಾದ ಹೂಮಳೆ ಬಾರದಾಗ ಸ್ಪ್ರಿಂಕ್ಲರ್ ಹಾಕ್ತೀವಲ್ಲ, ಮುಖ್ಯ ಪೈಪಿನ ಕಸ ಹೋಗಿ ದೂರದ ಜೆಟ್‌ಗೆ ಸಿಕ್ಕಿಕೊಳ್ಳುತ್ತೆ. ಹಾಗೆ. ಚೂರು ಕರಗಿದರೆ ಕೈ ಸರಿಹೋಗುತ್ತೆ. ಕರಗದಿದ್ದರೆ ಲಕ್ವ.

ಲಕ್ಷಣ ಕಂಡು, ನಾಳ 70% ಮೀರಿ ಕಿರಿದಾಗಿದ್ದರೆ ಆಪರೇಷನ್ನಿಂದ ಲಾಭ ಜಾಸ್ತಿ, ಅದೂ ಎರಡು ವಾರದೊಳಗೆ. ಕತ್ತು ಕೊಯ್ದು, ನಾಳ ತೆರೆದು, ಪದರ ಕೆರೆದು ತೆಗೆಯುತ್ತಾರೆ. 1950ರ ದಶಕದಿಂದಲೂ ಇರೋ ವಿದ್ಯೆ. ಕೆಲವರಿಗೆ ನಾಳ ತೆರೆದಿಡೋ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕುತ್ತಾರೆ. ಆಪರೇಷನ್ ವೇಳೆಯಲ್ಲೇ ಲಕ್ವ ಹೊಡೆಯುವ ಸಾಧ್ಯತೆಯೂ ಉಂಟು, ಅದನ್ನು ಕೇಳಿ ದೊಡ್ಡಮ್ಮ ಎರಡು ದಿನ ಒಪ್ಪಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ಮಾಡಿಸಿದೆವು. ಮಾತ್ರೆ ಹೇಗೂ ತಪ್ಪಲ್ಲ: ಆಸ್ಪಿರಿನ್, ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್, ಬಿಪಿಯದ್ದು. ಬೀಡಿ ಬಂದ್.

ಹಾಗಂತ ಎಲ್ಲರೂ ಕತ್ತಿನ ಸ್ಕ್ಯಾನಿಗೆ ಓಡಬೇಕಿಲ್ಲ. ಏನೂ ತೊಂದರೆ ಇಲ್ಲದವರಿಗೂ 'ಫುಲ್ ಬಾಡಿ ಪ್ಯಾಕೇಜ್' ಮಾರೋದು ನನಗೆ ಸರಿ ಕಾಣಲ್ಲ. ಸುಮ್ನೆ ಹೆದರಿಕೆ, ಬೇಡದ ಆಪರೇಷನ್. ನನ್ನ ಸಿಟ್ಟು ಇರೋದು ನಮ್ಮ ಮೇಲೇ. ಕೈ ಮುರಿದಿದ್ದರೆ ಅವತ್ತೇ ಓಡ್ತಿದ್ವಿ. ಕಣ್ಣು ಹೋಗಿ ಬಂದಿದ್ದಕ್ಕೆ ಶರಬತ್ತು ಕುಡಿಸಿದ್ವಿ!

ಈಗ ದೊಡ್ಡಪ್ಪನ ದವಡೆ ಕೆಳಗೆ ಉದ್ದದ ಗಾಯದ ಗೆರೆ. ಅಲ್ಲಿ ಇನ್ನೂ ಜೋಮು, ಶೇವ್ ಮಾಡಿದ್ದೇ ಗೊತ್ತಾಗಲ್ಲವಂತೆ. ಬಂದವರಿಗೆಲ್ಲ ಅದನ್ನು ತೋರಿಸಿ, "ಪಿತ್ತ ಜಾಸ್ತಿ ಆಗಿತ್ತು, ತೆಗೆದರು" ಅಂತಾರೆ.