ವಯಸ್ಕರಿಗೆ ಮಾತ್ರ, ಸದ್ದು ಮಾಡ್ಬೇಡಿ

ನಾವು ಸಣ್ಣೋರಿದ್ದಾಗ ‘ವಯಸ್ಕರಿಗೆ ಮಾತ್ರ’ ಅನ್ನೋ ಅಕ್ಷರ ಕಾಣ್ತಿದ್ದಿದ್ದು ಬಸ್‌ಸ್ಟ್ಯಾಂಡ್ ಹಿಂದಿನ ಟಾಕೀಸಿನ ಪೋಸ್ಟರ್ ಮೇಲೆ, ಅದನ್ನ ಪೂರ್ತಿ ಓದ್ಕೊಂಡೂ ಓದಿಲ್ಲ ಅನ್ನೋ ಹಂಗೆ ಮುಖ ಆ ಕಡೆ ತಿರುಗಿಸ್ಕೊಂಡು ನಡೀಬೇಕಿತ್ತು. ಈಗ ಅದೇ ಅಕ್ಷರಾನ ನಮ್ಮನೆಯವರು ಮೊಬೈಲಲ್ಲಿ ದೊಡ್ಡದು ಮಾಡಿ ಅತ್ತೆ ಮುಖದ ಮುಂದೇನೇ ಹಿಡಿದು, "ನೋಡಮ್ಮಾ, ಹದಿನೈದನೇ ವರ್ಷದ ಆನಿವರ್ಸರಿಗೆ ಇಲ್ಲಿ ಬುಕ್ ಮಾಡಿದೀನಿ, ಅಡಲ್ಟ್ಸ್ ಓನ್ಲಿ ಹೋಟೆಲ್, ಸಮುದ್ರದ ಪಕ್ಕಾನೇ" ಅಂದ್ರು. ಅತ್ತೆ ಕನ್ನಡಕ ಸರಿ ಮಾಡ್ಕೊಂಡು ಓದಿದ್ರು, ನನ್ನನ್ನೂ ಒಂದ್ಸಲ ಮೇಲಿಂದ ಕೆಳಗೆ ನೋಡಿದ್ರು, "ಈ ವಯಸ್ಸಲ್ಲಿ ಅದೆಲ್ಲಾ ಯಾಕೋ ನಿಂಗೆ" ಅಂದು ದೇವರ ಮನೆಗೆ ಹೋಗ್ಬಿಟ್ರು.

ಅಂಥದ್ದೇನಿಲ್ಲ ಅತ್ತೆ, ಹದಿನೆಂಟು ತುಂಬದೇ ಇರೋ ಮಕ್ಕಳನ್ನ ಒಳಗೆ ಬಿಡಲ್ಲ, ಗಲಾಟೆ ಇರಲ್ಲ, ಅಷ್ಟೇ ಅಂತ ಬಿಡಿಸಿ ಹೇಳೋಷ್ಟರಲ್ಲಿ ನನ್ನ ಹನ್ನೊಂದು ವರ್ಷದ ಮಗ ಮತ್ತೆ ಏಳು ವರ್ಷದ ಮಗಳು, ಇಬ್ರೂ ಸೋಫಾ ಮೇಲೆ ನಿಂತ್ಕೊಂಡು, ಹಂಗಾದ್ರೆ ಗಲಾಟೆ ಅಂದ್ರೆ ನಾವಾ ಅಂತ ಗಲಾಟೆ ಶುರು ಮಾಡಿದ್ರು, ಅಲ್ಲಿಗೆ ನಮ್ಮ ತೀರ್ಮಾನ ಇನ್ನೂ ಗಟ್ಟಿಯಾಯ್ತು.

ಹೋಟೆಲ್ ಇರೋದು ಕುಂದಾಪುರದಿಂದ ಬೈಂದೂರ್ ಕಡೆ ಹೋಗೋ ದಾರೀಲಿ, ಹೆಸರು ಹೇಳಲ್ಲ, ಮುಂದೆ ಓದಿದ್ರೆ ಯಾಕೆ ಅಂತ ಗೊತ್ತಾಗತ್ತೆ. ರಾತ್ರಿಗೆ 7,499 ರೂಪಾಯಿ. ಅದೆಂಥಾ ಲೆಕ್ಕ ಅಂತ ತಲೆ ಕೆರ್ಕೊಂಡೆ, ಆಮೇಲೆ ನಮ್ಮನೆಯವರು ಹೇಳಿದ್ರು, ರೂಮಿನ ಬಾಡಿಗೆ 7,500 ದಾಟಿದ್ರೆ ಜಿಎಸ್‌ಟಿ 18 ಪರ್ಸೆಂಟು, ದಾಟದಿದ್ರೆ 2025ರ ಸೆಪ್ಟೆಂಬರಿಂದ ಬರೀ 5, ಅದಕ್ಕೇ ಒಂದು ರೂಪಾಯಿ ಈಚೆಗೆ ಬಂದು ಕೂತಿದಾರೆ ಅಂತ. ಸರಿ, ಬುದ್ಧಿವಂತರು. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಟ್ರಾಂಕ್ವಿಲಿಟಿ ಫೀ’ ಅಂತ 900 ರೂಪಾಯಿ ಬೇರೆ. ಅಂದ್ರೆ ಪ್ರಶಾಂತತೆಗೆ. ನಮ್ಮಜ್ಜಿ ಊರಲ್ಲಿ ಮಧ್ಯಾಹ್ನ ಊಟ ಆದ್ಮೇಲೆ ಇದನ್ನ ಪುಕ್ಕಟೆ ಕೊಡ್ತಿದ್ರು, ಜೊತೆಗೆ ಎಲೆ ಅಡಿಕೆ ಬೇರೆ.

ಪಂಚಗಂಗಾ ಎಕ್ಸ್‌ಪ್ರೆಸ್ಸಲ್ಲಿ ರಾತ್ರಿಯೆಲ್ಲಾ ಗೊರಕೆ ಕೇಳ್ಕೊಂಡು ಬೆಳಿಗ್ಗೆ ಕುಂದಾಪುರದಲ್ಲಿ ಇಳಿದ್ವಿ. ರಿಸೆಪ್ಷನ್ ಹುಡುಗ ಪಿಸುಮಾತಲ್ಲಿ ಮಾತಾಡ್ತಾನೆ, ಎಷ್ಟು ಪಿಸುಮಾತು ಅಂದ್ರೆ ಮೂರು ಸಲ ಏನಂದ್ರಿ ಏನಂದ್ರಿ ಅಂತ ನಾವೇ ಕೂಗಬೇಕಾಯ್ತು. ಒಂದು ಫಾರಂ ಕೊಟ್ಟ. ‘ನನ್ನ ಜೊತೆ 18 ವರ್ಷದೊಳಗಿನ ಯಾರೂ ಇಲ್ಲ, ಇದ್ದದ್ದು ಕಂಡುಬಂದಲ್ಲಿ ಹೆಚ್ಚುವರಿ ದರ ತೆರಲು ಬದ್ಧ.’ ಆಧಾರ್ ಝೆರಾಕ್ಸ್ ಎರಡು ಕಾಪಿ, ಮುಂದೆ ಹಿಂದೆ.

ಸೈನ್ ಹಾಕ್ತಾ ಒಂದು ಯೋಚನೆ ಬಂತು, ಅಲ್ಲ, ಈ ವಯಸ್ಕ ಅನ್ನೋನು ಯಾವಾಗ ಹುಟ್ತಾನೆ? ವೋಟಿಗೆ 18, ಮದುವೆಗೆ ಹುಡುಗೀಗೆ 18 ಹುಡುಗನಿಗೆ 21, ಲೋಕಸಭೆಗೆ ನಿಲ್ಲೋಕೆ 25, ರಾಜ್ಯಸಭೆಗಾದ್ರೆ 30. ಎಣ್ಣೆ ವಿಷಯಕ್ಕೆ ಬಂದ್ರಂತೂ ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆ 18 ಅನ್ನತ್ತೆ, ಅದೇ ಅಬಕಾರಿಯ 1967ರ ನಿಯಮ 21 ಅನ್ನತ್ತೆ, 2023ರ ಜನವರೀಲಿ ಎರಡನ್ನೂ 18ಕ್ಕೇ ತರ್ತೀವಿ ಅಂತ ಸರ್ಕಾರ ಹೊರಟು ಜನ ಬೈದ ಮೇಲೆ ತೆಪ್ಪಗೆ ವಾಪಸ್ ತಗೊಂಡ್ತು. ಹತ್ತೊಂಬತ್ತು ವರ್ಷದವನು ಈ ಹೋಟೆಲ್ ಗೇಟಲ್ಲಿ ವಯಸ್ಕ, ಬಾರ್ ಬಾಗಿಲಲ್ಲಿ ಮಗು. ಇನ್ನು ನಮ್ಮನೆಯವರಿಗೆ ನಲವತ್ತೈದಾಯ್ತು, ಟ್ರೈನ್ ಹತ್ತೋವಾಗ ಅತ್ತೆ ಫೋನ್ ಮಾಡಿ "ಬಾಗಿಲ ಹತ್ರ ನಿಂತ್ಕೋಬೇಡ ಮಗೂ" ಅಂದಿದ್ರು. ಅದು ಫಾರಮ್ಮಲ್ಲಿ ಎಲ್ಲಿ ಬರೀಬೇಕು ಅಂತ ಗೊತ್ತಾಗ್ಲಿಲ್ಲ.

ರೂಮು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಪರದೆ ಸರಿಸಿದ್ರೆ ಗಾಳಿ ಮರ, ಅದರಾಚೆ ಸಮುದ್ರ, ಎಷ್ಟು ಹತ್ರ ಅಂದ್ರೆ ಸಿಆರ್‌ಝಡ್ಡು, ಅಂದ್ರೆ ದಂಡೆಗೆ ತೀರಾ ಹತ್ರ ಕಟ್ಟಡ ಕಟ್ಟಂಗಿಲ್ಲ ಅನ್ನೋ ನಿಯಮ, 200 ಮೀಟರು ಅಂತೆಲ್ಲಾ ಪೇಪರಲ್ಲಿ ಓದಿದ್ದು ಇನ್ಯಾವುದೋ ಸಮುದ್ರದ ಬಗ್ಗೆ ಇರ್ಬೇಕು ಅನ್ನಿಸ್ತು. ಬಾಲ್ಕನೀಲಿ ಕೂತು ಕಾಫಿ ಲೋಟ ಬಾಯಿಗಿಟ್ಟೆ ಅಷ್ಟೇ, ಪ್ರೀ... ಅಂತ ಒಂದು ಸೀಟಿ, ಕಾಫಿ ಮೈಮೇಲೆ ಬಿತ್ತು. ಎರಡು ನಿಮಿಷ ಬಿಟ್ಟು ಇನ್ನೊಂದು. ಐದು ನಿಮಿಷ ಬಿಟ್ಟು ಎರಡೆರಡು ಒಟ್ಟಿಗೆ.

ಕೆಳಗಿಳಿದು ಹೋಗಿ ನೋಡಿದ್ರೆ ಮರಳಲ್ಲಿ ಗೂಟ ಹೊಡೆದು ನೈಲಾನ್ ಹಗ್ಗ ಕಟ್ಟಿದಾರೆ, ಹಗ್ಗದಾಚೆ ಪಕ್ಕದ ಮೀನುಗಾರರ ಕೇರಿಯ ಏಳೆಂಟು ಹುಡುಗರು ಒಂದು ಚೆಂಡು ಇಟ್ಕೊಂಡು ಆಡ್ತಿದಾರೆ, ಚೆಂಡು ಹಗ್ಗದ ಈಚೆ ಬಂದಾಗೆಲ್ಲಾ ಸೆಕ್ಯುರಿಟಿಯೋನು ಕೆನ್ನೆ ಉಬ್ಬಿಸ್ಕೊಂಡು ಸೀಟಿ ಊದ್ತಾನೆ. ಅಲೆ ಬಂದು ಹೋಗೋ ಮರಳು ಯಾರಪ್ಪನ ಮನೆ ಆಸ್ತಿನೂ ಅಲ್ಲ, ಅದಿರ್ಲಿ. ಹುಡುಗರು ಪಾಪ ಸದ್ದೇ ಮಾಡ್ತಿರ್ಲಿಲ್ಲ, ಸಮುದ್ರದ ಸದ್ದಲ್ಲಿ ಅವರು ಕಿರುಚಿದ್ರೂ ನಮಗೆ ಕೇಳ್ತಿರ್ಲಿಲ್ಲ. ಕೇಳ್ತಿದ್ದಿದ್ದು ಆ ಸೀಟಿ ಒಂದೇ.

"ಏನ್ರೀ, ನಿಶ್ಶಬ್ದ ಇರ್ಲಿ ಅಂತ ನಿಮ್ಮನ್ನ ಇಟ್ಟಿದಾರಾ ಅಥವಾ..." ಅಂದೆ. ಆತ ಸೀಟಿ ಬಾಯಿಂದ ತೆಗೆದು ಅಂಗಿಗೆ ಒರೆಸ್ಕೊಂಡು, "ಹ್ವಾಯ್ ಅಮ್ಮ, ಎಂತ ಮಾಡುದ್, ಊದ್ದಿರೆ ಸಂಬ್ಳ ಕಟ್ ಮಾಡ್ತ್ರ್" ಅಂದ. ಆಮೇಲೆ ದನಿ ತಗ್ಗಿಸಿ ಗಲ್ಲದಲ್ಲೇ ಆ ಕಡೆ ತೋರಿಸಿ, "ಅಗ, ಆ ಕೆಂಪಂಗಿ ಮಾಣಿ ನಮ್ದೇ" ಅಂದ. ಅಷ್ಟರಲ್ಲಿ ಕೆಂಪಂಗಿ ಮಾಣಿ ಹಗ್ಗ ದಾಟ್ತು. ಅಪ್ಪ ಊದಿದ.

ಇನ್ನು ಒಳಗಿದ್ದ ವಯಸ್ಕರ ವಿಷಯಕ್ಕೆ ಬರೋಣ. ಈಜುಕೊಳದಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹಳೇ ಬ್ಯಾಚ್‌ಮೇಟ್ಸು, ಹದಿನಾಲ್ಕು ಜನ, ಹೆಂಡ್ತಿಯರನ್ನ ಬಿಟ್ಟು ಬಂದಿದಾರೆ, ಎಲ್ರಿಗೂ ಹೊಟ್ಟೆ ಒಂದೇ ಅಳತೆ. ಒಬ್ಬನು ನೀರಿಗೆ ಹಾರೋಕೆ ಮುಂಚೆ ‘ಲೇ ಮಗಾ ನೋಡೋ’ ಅಂತ ಕೂಗ್ತಾನೆ, ಉಳಿದ ಹದಿಮೂರು ಜನ ನೋಡ್ತಾರೆ, ಅವನು ಹಾರ್ತಾನೆ, ಕೊಳದ ಅರ್ಧ ನೀರು ನಮ್ಮ ಟವೆಲ್ ಮೇಲೆ ಬೀಳತ್ತೆ, ಆಮೇಲೆ ಅವನು ಮೇಲೆ ಬಂದು ‘ರೆಕಾರ್ಡ್ ಆಯ್ತಾ?’ ಅಂತ ಕೇಳ್ತಾನೆ, ಆಗಿರಲ್ಲ, ಮತ್ತೆ ಹಾರ್ತಾನೆ. ಮಧ್ಯಾಹ್ನ ಮೂರರ ತನಕ ಹೀಗೇ. ಆ ಕಡೆ ಹುಲ್ಲಿನ ಮೇಲೆ ಪ್ರೀ ವೆಡ್ಡಿಂಗ್ ಶೂಟು, ಡ್ರೋನು ಜೇನುಗೂಡು ಎದ್ದಂಗೆ ಗುಂಯ್ ಅಂತಿದೆ. ಬಿಡಿ, ಅದು ಈಗ ಎಲ್ಲಾ ಕಡೆ ಇದ್ದಿದ್ದೇ.

ನಾನು ನಿಜಕ್ಕೂ ಕೈ ಮುಗಿದಿದ್ದು ಮೌನ ಶಿಬಿರದವರಿಗೆ. ಬೆಂಗಳೂರಿಂದ ಬಂದ ಇಪ್ಪತ್ತು ಜನ, ಬಿಳಿ ಬಟ್ಟೆ, ಎರಡು ದಿನ ಮೌನ ಅಂತೆ. ಆ ಮೌನ ನಡೆಸ್ಕೊಡೋ ಯಮ್ಮನ ಕೊರಳಿಗೆ ಕಾಲರ್ ಮೈಕು, ಪಕ್ಕದಲ್ಲಿ ನನ್ನೆತ್ತರದ ಎರಡು ಸ್ಪೀಕರು. "ಈಗ ನಿಧಾನವಾಗಿ... ಶಬ್ದಗಳಿಂದ... ದೂರ ಹೋಗ್ತಾ ಇದೀರಿ..." ಅಂತ ಆಕೆ ಹೇಳ್ತಿದ್ದಿದ್ದು ನಮ್ಮ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡ್ರೂ ಸ್ಪಷ್ಟವಾಗಿ ಕೇಳ್ತಿತ್ತು. ನಡುನಡುವೆ ದೊಡ್ಡ ಹಿತ್ತಾಳೆ ಬಟ್ಟಲಿಗೆ ಢಂ ಅಂತ ಬಾರಿಸ್ತಾರೆ, ಸೌಂಡ್ ಹೀಲಿಂಗ್ ಅಂತೆ, ಹದಿನೈದು ನಿಮಿಷ ಬಾರಿಸಿ ಆದ್ಮೇಲೆ ಮೈಕಲ್ಲಿ, "ಆ ಮೌನವನ್ನ ಅನುಭವಿಸಿ." ಮೌನಾನ ನಾವು ಅನುಭವಿಸೋಷ್ಟರಲ್ಲಿ ಕೊಳದ ಕಡೆಯಿಂದ ‘ಲೇ ಮಗಾ ನೋಡೋ’.

ಸಂಜೆ ಏಳಕ್ಕೆ ಡಿಜೆ ಶುರು. ನಾನು ಹೋಗಿ ಮ್ಯಾನೇಜರನ್ನ ಕೇಳ್ದೆ, ಇದೇನ್ರೀ ಇದು. ಆತ ಕೂಡಾ ಪಿಸುಮಾತಲ್ಲೇ, ಡಿಜೆ ಸದ್ದಲ್ಲಿ ಅವನ ತುಟಿ ಓದಿ ಅರ್ಥ ಮಾಡ್ಕೊಂಡೆ, "ಮೇಡಂ, ಅದು ಮ್ಯೂಸಿಕ್ ಅಲ್ಲ, ಆಂಬಿಯೆನ್ಸು" ಅಂದ. ರಾತ್ರಿ ಹತ್ತಾದ್ರೂ ನಿಲ್ಸಿ ಅಂದೆ. "ನೋಡೋಣ ಮೇಡಂ, ಗೆಸ್ಟ್ ಮೂಡ್ ಮೇಲೆ ಹೋಗತ್ತೆ."

ಗೆಸ್ಟ್ ಮೂಡಂತೆ. ನಮ್ಮ ದೇಶದಲ್ಲಿ ಶಬ್ದಮಾಲಿನ್ಯದ ನಿಯಮ ಬಂದಿದ್ದು 2000ದಲ್ಲಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಹಾಕಂಗಿಲ್ಲ ಅಂತ ಸುಪ್ರೀಂ ಕೋರ್ಟು 2005ರಲ್ಲಿ ಕಡ್ಡಿ ಮುರಿದಂಗೆ ಹೇಳಿದೆ. ಇದೇ ಕರಾವಳೀಲಿ ಬೆಳಗಾಗೋ ತನಕ ಆಡ್ತಿದ್ದ ಯಕ್ಷಗಾನ ಮೇಳಗಳು ಕಾಲಮಿತಿ ಅಂತ ನಡುರಾತ್ರಿಗೇ ಮುಗಿಸೋ ಹಂಗಾಗಿದ್ದಕ್ಕೆ ಈ ನಿಯಮಾನೂ ಒಂದು ಕಾರಣ, ಚಂಡೆಗೆ ಕಾನೂನು ಗೊತ್ತು, ಡಿಜೆಗೆ ಗೊತ್ತಿಲ್ಲ. ಗೋವಾದ ಪಾಲೊಳೆಂನಲ್ಲಿ ಈ ಹತ್ತು ಗಂಟೆ ಕಾಟಕ್ಕೇ ಎಲ್ರಿಗೂ ಒಂದೊಂದು ಹೆಡ್‌ಫೋನ್ ಕೊಟ್ಟು ಕುಣಿಸ್ತಾರೆ, ದೂರದಿಂದ ನೋಡಿದ್ರೆ ಇಷ್ಟೂ ಜನಕ್ಕೆ ಒಟ್ಟಿಗೆ ಇರುವೆ ಕಚ್ಚಿದಂಗೆ ಕಾಣತ್ತೆ, ಆದ್ರೆ ಮಲಗೋರು ಮಲಗಬಹುದು. ಇದೇ ನಿಯಮದಲ್ಲಿ ನಿಶ್ಶಬ್ದ ವಲಯ ಅಂತ ಒಂದಿದೆ, ರಾತ್ರಿ 40 ಡೆಸಿಬಲ್ ದಾಟಂಗಿಲ್ಲ. ಅದು ಎಲ್ಲಿ ಗೊತ್ತಾ? ಆಸ್ಪತ್ರೆ, ಕೋರ್ಟು, ಶಾಲೆ, ಇವುಗಳ ಸುತ್ತ 100 ಮೀಟರು. ಶಾಲೆ ಸ್ವಾಮಿ, ಶಾಲೆ! ಅಂದ್ರೆ ಸರ್ಕಾರದ ಪ್ರಕಾರ ಗಲಾಟೆ ಮಾಡೋರು ನಾವು, ಅದರಿಂದ ಕಾಪಾಡಬೇಕಾಗಿರೋದು ಮಕ್ಕಳನ್ನ. ನಾವು ಟ್ರಾಂಕ್ವಿಲಿಟಿ ಫೀ ಕಟ್ಟಿದ್ದು ಉಲ್ಟಾ ಜಾಗದಲ್ಲಿ, ಆ 900 ರೂಪಾಯೀನ ನಮ್ಮೂರ ಹಿರಿಯ ಪ್ರಾಥಮಿಕ ಶಾಲೆ ಜಗಲೀಲಿ ಚಾಪೆ ಹಾಕ್ಕೊಂಡು ಮಲಗಿ ಅಲ್ಲೇ ಕೊಟ್ಟಿದ್ರೆ ಬೆಂಚಾದ್ರೂ ರಿಪೇರಿ ಆಗ್ತಿತ್ತು.

ಒಂಬತ್ತೂವರೆಗೆ ಮಕ್ಕಳಿಗೆ ವಿಡಿಯೋ ಕಾಲ್ ಮಾಡಿದ್ವಿ. ಹದಿನೈದು ವರ್ಷದ ದಾಂಪತ್ಯ, ಸಮುದ್ರದ ದಂಡೆ, ಮಕ್ಕಳಿಲ್ಲ, ಆದ್ರೂ ಬೆಳಿಗ್ಗೆಯಿಂದ ನಾವಿಬ್ರೂ ಮಾತಾಡಿದ್ದೆಲ್ಲಾ ಅವಳು ತಿಂದಳಂತಾ, ಅವನು ಹೋಮ್‌ವರ್ಕ್ ಮಾಡಿದ್ನಂತಾ ಅನ್ನೋದೇ. ಕಾಲ್ ಎತ್ತಿದ ತಕ್ಷಣ ಮಗಳು ಅಣ್ಣ ಅವಳ ಸ್ಕೆಚ್ ಪೆನ್ ಮುರಿದ ಅಂತ ಗೋಳೋ ಅಂತ ಅತ್ಲು, ಡಿಜೆ ಸದ್ದಲ್ಲಿ ನಮಗೆ ಕೇಳ್ಲಿ ಅಂತ ನಮ್ಮನೆಯವರು ಫೋನಿನ ವಾಲ್ಯೂಮ್ ಪೂರ್ತಿ ಏರಿಸಿದ್ರು, ಎರಡು ನಿಮಿಷ ಆಗಿಲ್ಲ, ಬಾಗಿಲು ದಬದಬ.

ಮ್ಯಾನೇಜರು, ಹಿಂದೆ ಹೌಸ್‌ಕೀಪಿಂಗ್ ಹುಡುಗ, ಅವನ ಹಿಂದೆ ಟಾರ್ಚ್ ಹಿಡ್ಕೊಂಡು ನಮ್ಮ ಸೀಟಿಯೋನು.

"ಮೇಡಂ, ನಿಮ್ಮ ರೂಮಲ್ಲಿ ಮಗು ಅಳೋ ಶಬ್ದ ಬರ್ತಿದೆ ಅಂತ ಕಂಪ್ಲೇಂಟ್ ಬಂದಿದೆ. ಉಳಿದ ಗೆಸ್ಟ್‌ಗಳಿಗೆ ಡಿಸ್ಟರ್ಬ್ ಆಗ್ತಿದೆಯಂತೆ."

ಕಂಪ್ಲೇಂಟ್ ಕೊಟ್ಟಿದ್ದು ಯಾರು ಅಂದ್ರೆ ಪಕ್ಕದ ರೂಮಿನ ಬ್ಯಾಚ್‌ಮೇಟ್ಸು. ಫೋನ್ ತೋರಿಸ್ದೆ, ಇಲ್ಲಿದಾಳೆ ನೋಡ್ರಪ್ಪ ಮಗು, ಬೆಂಗಳೂರಲ್ಲಿ, ಅಜ್ಜಿ ತೊಡೆ ಮೇಲೆ. ಮ್ಯಾನೇಜರು ಸ್ಕ್ರೀನ್ ನೋಡಿದ, ಮಗಳು ಅಳೋದು ನಿಲ್ಲಿಸಿ ಹಾಯ್ ಅಂಕಲ್ ಅಂದ್ಲು, ಅವನು ಅಭ್ಯಾಸ ಬಲದಿಂದ ಹಾಯ್ ಅಂದುಬಿಟ್ಟ. ಆದ್ರೂ ಪ್ರೊಸೀಜರ್ ಮೇಡಂ ಅಂತ ಹುಡುಗನ್ನ ಒಳಗೆ ಕಳಿಸಿ ಬಾತ್‌ರೂಮು, ವಾರ್ಡ್‌ರೋಬು, ಮಂಚದ ಕೆಳಗೆ ಎಲ್ಲಾ ನೋಡಿಸ್ದ. ಮಂಚದ ಕೆಳಗೆ ಹಿಂದಿನ ಯಾರದ್ದೋ ಒಂದು ಸಾಕ್ಸ್ ಸಿಕ್ತು, ದೊಡ್ಡೋರದ್ದೇ, ಸದ್ಯ.

ಡಿಜೆ ನಿಂತಿದ್ದು ಒಂದೂವರೆಗೆ. ನಾಲ್ಕಕ್ಕೆಲ್ಲಾ ಗಂಗೊಳ್ಳಿ ಕಡೆಯಿಂದ ಬೋಟುಗಳು ಹೊರಟ್ವು, ಟಕಟಕಟಕ ಅಂತ ದೂರದಿಂದ, ನಿಜ ಹೇಳ್ಬೇಕು ಅಂದ್ರೆ ಆ ಸದ್ದಲ್ಲೇ ನಂಗೆ ಸ್ವಲ್ಪ ನಿದ್ದೆ ಹತ್ತಿದ್ದು. ಬೆಳಿಗ್ಗೆ ನೀರ್ ದೋಸೆ ಕೌಂಟರಲ್ಲಿ ಮೌನ ಶಿಬಿರದ ಒಬ್ರು, ಮೌನ ಮುರಿದು, ಬೋಟಿನ ಶಬ್ದದಿಂದ ನಿದ್ದೆ ಬರ್ಲಿಲ್ಲ ಅಂತ ದೂರ್ತಿದ್ರು. ರಿಸೆಪ್ಷನ್ ಹುಡುಗ ಸಮಾಧಾನ ಮಾಡ್ತಿದ್ದ, ಸರ್ ಹಂಗಾದ್ರೆ ಜೂನ್ ಜುಲೈಲಿ ಬನ್ನಿ, ಮೀನುಗಾರಿಕೆ ಬ್ಯಾನು, 61 ದಿನ ಬೋಟೇ ಹೋಗಲ್ಲ, ರೂಮ್ ರೇಟೂ ಅರ್ಧ. ಅದನ್ನ ಕೇಳಿ ಪಕ್ಕದಲ್ಲಿದ್ದ ಅಡುಗೆಯ ಭಟ್ರು ದೋಸೆ ತಿರುವಿ ಹಾಕ್ತಾ ತಮ್ಮಷ್ಟಕ್ಕೆ ನಕ್ರು. ಮಳೆಗಾಲದಲ್ಲಿ ಇಲ್ಲಿ ಸಮುದ್ರ ಹೆಂಗೆ ಅಬ್ಬರಿಸತ್ತೆ ಅಂತ ಅವರಿಗೆ ಗೊತ್ತು.

ಚೆಕ್ ಔಟ್ ಮಾಡೋವಾಗ ಬಿಲ್ಲು ನೋಡಿದ್ರೆ ಒಂದು ಸಾಲು ಜಾಸ್ತಿ. ‘ಎಕ್ಸ್‌ಟ್ರಾ ಅಡಲ್ಟ್, 1, ರೂ. 2,000.’

"ಯಾರ್ರೀ ಈ ಮೂರನೇ ಅಡಲ್ಟು?" ಅಂದ್ರು ನಮ್ಮನೆಯವರು.

"ಸರ್, ರಾತ್ರಿ ಕಂಪ್ಲೇಂಟ್ ರಿಜಿಸ್ಟರ್ ಆಗಿದೆ ಅಲ್ವಾ, ಮಗು ಅಂತ. ಸಿಸ್ಟಮಲ್ಲಿ ಅದು ಆಟೋಮ್ಯಾಟಿಕ್ ಬಂದಿದೆ. ನಮ್ಮಲ್ಲಿ ಚೈಲ್ಡ್ ಅನ್ನೋ ಆಪ್ಷನ್ನೇ ಇಲ್ಲ ಸರ್, ಅದಕ್ಕೆ ಅಡಲ್ಟ್ ರೇಟ್ ತಗೊಂಡಿದೆ."

"ಮಗು ಫೋನಲ್ಲಿತ್ತು ಕಣ್ರೀ!"

"ಹೌದು ಸರ್. ಬ್ರೇಕ್‌ಫಾಸ್ಟ್ ಇನ್‌ಕ್ಲೂಡೆಡ್ ಸರ್."

ನಮ್ಮನೆಯವರು ಹದಿನೈದು ವರ್ಷದಲ್ಲಿ ಮನೇಲಿ ಒಂದು ಸಲ ದನಿ ಎತ್ತಿದವರಲ್ಲ. ಅವತ್ತು ಎತ್ತಿದ್ರು. ‘ದಯವಿಟ್ಟು ಪಿಸುಮಾತಿನಲ್ಲಿ ಮಾತನಾಡಿ’ ಅಂತ ಹಿತ್ತಾಳೆ ಬೋರ್ಡಿತ್ತಲ್ಲ, ಸರಿಯಾಗಿ ಅದರ ಕೆಳಗೆ ನಿಂತು, ಜಿಎಸ್‌ಟಿಯಿಂದ ಹಿಡಿದು ಸೀಟಿ ತನಕ ಒಂದೂ ಬಿಡದೆ ಇಪ್ಪತ್ತು ನಿಮಿಷ, ನಾನೂ ಸುಮ್ನಿರ್ಲಿಲ್ಲ, ನಡುನಡುವೆ ಡೆಸಿಬಲ್ ನೆನಪು ಮಾಡ್ಕೊಟ್ಟೆ. ಒಂದು ಹಂತದಲ್ಲಿ ಉಸಿರು ತಗೊಳ್ಳೋಕೆ ಅಂತ ನಿಲ್ಲಿಸಿ ಸುತ್ತ ನೋಡಿದ್ರೆ ಬ್ಯಾಚ್‌ಮೇಟ್ಸು ಒದ್ದೆ ಚಡ್ಡೀಲೇ ಬಂದು ಸಾಲಾಗಿ ನಿಂತಿದಾರೆ, ಡ್ರೋನ್ ಕೆಳಗಿಳಿದಿದೆ, ಬಿಳಿ ಬಟ್ಟೆಯೋರು ಕಣ್ಣು ಬಿಟ್ಕೊಂಡು ಕೂತಿದಾರೆ, ಸೆಕ್ಯುರಿಟಿಯೋನ ಬಾಯಲ್ಲಿ ಸೀಟಿ ಹಂಗೇ ನಿಂತಿದೆ, ಅವನ ಹಿಂದೆ ಹಗ್ಗ ದಾಟಿ ಬಂದ ಕೆಂಪಂಗಿ ಮಾಣಿ ಚೆಂಡು ಕಂಕುಳಲ್ಲಿ ಇಟ್ಕೊಂಡು ಬಾಯಿ ತೆರ್ಕೊಂಡು ನೋಡ್ತಿದಾನೆ, ಒಂದು ಪಿಟಕ್ ಇಲ್ಲ, ಸಮುದ್ರ ಎಷ್ಟು ಚೆನ್ನಾಗಿ ಕೇಳ್ತಿತ್ತು ಅಂತೀರಿ.