ರಾಜಬೀದಿಯಲ್ಲಿ ಉಲ್ಟಾ ನಡಿಗೆ

ಜೆಕ್ ದೇಶದ ಪ್ರಾಗ್‌ಗೆ ಹೋದವರ ಕೈಗೆ ಮೊದಲು ಸಿಗುವುದು ಒಂದು ನಕ್ಷೆ. ಹೋಟೆಲಿನ ಮೇಜಿನ ಮೇಲೆ ಕಟ್ಟುಗಟ್ಟಲೆ ಇಟ್ಟಿರುತ್ತಾರೆ, ಬಿಟ್ಟಿ. ಅದರಲ್ಲಿ ಊರಿನ ಮಧ್ಯೆ ಒಂದು ಗೆರೆ. ಗೆರೆಯ ಒಂದು ತುದಿಯಲ್ಲಿ ಸಿಡಿಮದ್ದಿನ ಗೋಪುರ, ಇನ್ನೊಂದು ತುದಿಯಲ್ಲಿ ಗುಡ್ಡದ ಮೇಲಿನ ಕೋಟೆ. ನಡುವೆ ನೋಡಲೇಬೇಕಾದ ಜಾಗಗಳಿಗೆ ಒಂದು, ಎರಡು, ಮೂರು ಅಂತ ನಂಬರು. ಗೈಡ್ ಬೇಕಿಲ್ಲ, ಗೆರೆ ಹಿಡಿದು ನಡೆದರಾಯಿತು.

ಈ ಗೆರೆ ಪ್ರವಾಸೋದ್ಯಮದವರು ಎಳೆದದ್ದಲ್ಲ. ಹಿಂದೆ ಇಲ್ಲಿದ್ದ ಬೊಹೀಮಿಯಾ ರಾಜ್ಯದ ರಾಜರು ಪಟ್ಟಾಭಿಷೇಕಕ್ಕೆ ಮೆರವಣಿಗೆ ಹೋಗುತ್ತಿದ್ದ ದಾರಿ ಇದು, ರಾಜಬೀದಿ. ಕೊನೆಯ ಪಟ್ಟಾಭಿಷೇಕ ಆಗಿದ್ದು 1836ರಲ್ಲಿ, ಐದನೇ ಫರ್ಡಿನಾಂಡನಿಗೆ. ಕಿರೀಟ ಇಡುವ ದೇವಾಲಯ ಗುಡ್ಡದ ಮೇಲಿತ್ತು, ಹಾಗಾಗಿ ರಾಜ ಹತ್ತಲೇಬೇಕಿತ್ತು. ಅವನಿಗಾದರೋ ಕುದುರೆಯಿತ್ತು. ನಮಗೆ ಮೇಲೆ ಯಾರೂ ಕಿರೀಟ ಹಿಡಿದು ಕಾಯುತ್ತಿಲ್ಲ, ಇರುವುದು ಮೊಣಕಾಲು ಮಾತ್ರ. ಆದರೂ ಜನ ಅವನ ಹಾದಿಯಲ್ಲೇ ಏದುಸಿರು ಬಿಡುತ್ತಾ ಹತ್ತುತ್ತಾರೆ, ನಂಬರು ಹಾಗಿದೆ ಅಂತ.

ನಾವು 22ನೇ ನಂಬರಿನ ಟ್ರಾಮ್ ಹತ್ತಿದೆವು. ಅದು ಸುಮ್ನೆ ಕೂರಿಸಿಕೊಂಡು ಗುಡ್ಡದ ಮೇಲೆ ಬಿಡುತ್ತದೆ. ಅಲ್ಲಿಂದ ಇಳಿಯುತ್ತಾ ಬರುವುದು. ಗೈಡ್ ನಾನು, ಗಿರಾಕಿ ನನ್ನ ಹೆಂಡತಿ. ಗಿರಾಕಿಗೆ ಈ ಏರ್ಪಾಡು ಹಿಡಿಸಿತು.

ಕೋಟೆಯ ಒಳಗಿನ ಸೇಂಟ್ ವೈಟಸ್ ಚರ್ಚನ್ನು ಕಟ್ಟಲು ಶುರುಮಾಡಿದ್ದು 1344ರಲ್ಲಿ, ಮುಗಿಸಿದ್ದು 1929ರಲ್ಲಿ. ನಮ್ಮ ಕಡೆ ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ಬೈಯುವ ಮುಂಚೆ ಇದನ್ನೊಮ್ಮೆ ನೆನೆಸಿಕೊಳ್ಳಬೇಕು. ಮುಂಬಾಗಿಲ ಎದುರು ನಿಂತು ಕತ್ತೆತ್ತಿದರೆ ದುಂಡಗಿನ ದೊಡ್ಡ ಕಿಟಕಿ ಕಾಣುತ್ತದೆ. ಅದರ ಕೆಳಗೆ ಕಲ್ಲಿನಲ್ಲಿ ಕೆತ್ತಿದ ಕೆಲವು ಗಂಡಸರಿದ್ದಾರೆ. ಸಂತರಲ್ಲ, ಕೋಟು ತೊಟ್ಟವರು. ಕೆಲಸ ಮುಗಿಸಿದ ಎಂಜಿನಿಯರ್, ಶಿಲ್ಪಿಗಳು ತಾವೂ ಒಂದು ಮೂಲೆಯಲ್ಲಿ ನಿಂತುಕೊಂಡಿದ್ದಾರೆ. ಆರುನೂರು ವರ್ಷದ ಬಾಕಿ ತೀರಿಸಿದವರು, ಅಷ್ಟಾದರೂ ಬೇಡ್ವಾ?

ಒಳಗೆ ಎಡಗಡೆಯಲ್ಲಿ ಅಲ್ಫೋನ್ಸ್ ಮೂಖಾ ಎಂಬ ಕಲಾವಿದ ಬರೆದ ಬಣ್ಣದ ಗಾಜಿನ ಕಿಟಕಿ ಇದೆ. ನೀಲಿ, ಹಸಿರು ಅಂಚಿನಿಂದ ಒಳಕ್ಕೆ ಹೋಗುತ್ತಾ ಹೋಗುತ್ತಾ ಕೆಂಪು, ಚಿನ್ನದ ಬಣ್ಣ. ಜನ ಬಾಯಿಬಿಟ್ಟು ನೋಡುತ್ತಾರೆ. ನನ್ನ ಹೆಂಡತಿ ಮಾತ್ರ ಕಿಟಕಿಯ ಕೆಳಭಾಗ ತೋರಿಸಿ, “ರೀ, ಅಲ್ಲೇನೋ ಬ್ಯಾಂಕ್ ಅಂತ ಬರೆದಿದೆಯಲ್ಲ?” ಅಂದಳು. ಹೌದು, ಬ್ಯಾಂಕೇ. ಕಿಟಕಿಗೆ ದುಡ್ಡು ಕೊಟ್ಟ ಸ್ಲಾವಿಯಾ ಬ್ಯಾಂಕಿನ ಹೆಸರು ಗಾಜಿನಲ್ಲೇ ಕೂತಿದೆ. ನಮ್ಮ ದೇವಸ್ಥಾನದ ಫ್ಯಾನಿನ ರೆಕ್ಕೆಗಳ ಮೇಲೆ ದಾನಿಗಳ ಹೆಸರು ತಿರುಗುವ ಹಾಗೆ. ಗೈಡ್ ಜೊತೆ ಬಂದಿದ್ದರೆ ಸಂತರ ಕಥೆ ಕೇಳುತ್ತಾ ಮುಂದೆ ಹೋಗುತ್ತಿದ್ದೆವು, ಬ್ಯಾಂಕು ತಪ್ಪಿಹೋಗುತ್ತಿತ್ತು.

ಕೋಟೆಯಲ್ಲಿ ಇನ್ನೂ ಬೇಕಾದಷ್ಟಿದೆ. 1618ರಲ್ಲಿ ದಂಗೆಯೆದ್ದ ಪ್ರೊಟೆಸ್ಟೆಂಟರು ರಾಜನ ಇಬ್ಬರು ಅಧಿಕಾರಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಹಳೆಯ ಅರಮನೆಯ ಕಿಟಕಿಯಿಂದ ಆಚೆ ಎಸೆದರು. ಯುರೋಪಿನ ಮೂವತ್ತು ವರ್ಷಗಳ ಯುದ್ಧಕ್ಕೆ ಅದೇ ಕಿಡಿ. ಮೂವರೂ ಬದುಕಿಕೊಂಡರು. ದೇವತೆಗಳು ಹಿಡಿದುಕೊಂಡರು ಅಂತ ಕ್ಯಾಥಲಿಕರು, ತಿಪ್ಪೆಯ ಮೇಲೆ ಬಿದ್ದರು ಅಂತ ಪ್ರೊಟೆಸ್ಟೆಂಟರು. ಆ ಕಿಟಕಿ ಈಗಲೂ ಇದೆ. ಬಗ್ಗಿ ನೋಡಿದರೆ ನನಗೆ ಎರಡು ಮಾತೂ ಸಾಲದು ಅನ್ನಿಸಿತು, ಅಷ್ಟು ಎತ್ತರ.

ಕೋಟೆಯಿಂದ ಇಳಿಯುವ ನೇರುದೋವಾ ಬೀದಿಯಲ್ಲಿ ನಡಿಗೆಗೆ ರುಚಿ ಬರುತ್ತದೆ. ನಕ್ಷೆಯಲ್ಲಿ ಇದಕ್ಕೆ ದೊಡ್ಡ ನಂಬರೇನೂ ಇಲ್ಲ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ದಾರಿ ಅಷ್ಟೇ. ಆದರೆ ಮನೆಗಳ ಬಾಗಿಲ ಮೇಲೆ ನೋಡಿ. ಒಂದು ಮನೆಗೆ ಮೂರು ಪಿಟೀಲಿನ ಗುರುತು, ಅಲ್ಲಿ ಪಿಟೀಲು ಮಾಡುವವರ ಮನೆತನ ಇತ್ತು. ಇನ್ನೊಂದಕ್ಕೆ ಎರಡು ಸೂರ್ಯ. ಬೀದಿಗೆ ಹೆಸರು ಕೊಟ್ಟ ಲೇಖಕ ಯಾನ್ ನೇರುದಾ ಬೆಳೆದದ್ದು ಈ ಎರಡು ಸೂರ್ಯನ ಮನೆಯಲ್ಲಿ. ಮನೆಗೆ ನಂಬರ್ ಇಲ್ಲದ ಕಾಲದಲ್ಲಿ ಇವೇ ವಿಳಾಸ. ಓದು ಬಾರದವರಿಗೂ ಸಿಗುತ್ತಿತ್ತು. “ಮೂರು ಪಿಟೀಲಿನ ಮನೆಗೆ ಹೋಗು” ಅಂದರೆ ಮುಗಿಯಿತು.

1770ರ ಹೊತ್ತಿಗೆ ಮಹಾರಾಣಿ ಮರಿಯಾ ತೆರೇಸಾಗೆ ಇದು ಸಾಲಲಿಲ್ಲ. ಸೈನ್ಯಕ್ಕೆ ಜನ ಬೇಕಿತ್ತು, ಯಾವ ಮನೆಯಲ್ಲಿ ಎಷ್ಟು ಗಂಡಾಳು ಅಂತ ಲೆಕ್ಕ ಬೇಕಿತ್ತು. ಪಿಟೀಲು, ಸೂರ್ಯ ಅಂತ ರಿಜಿಸ್ಟರಿನಲ್ಲಿ ಬರೆಯೋಕಾಗುತ್ತಾ? ಮನೆಮನೆಗೂ ನಂಬರ್ ಬಂತು. ಆ ನಂಬರ್ ಬೀದಿಯ ಸಾಲು ಹಿಡಿದು ಬರುವುದಲ್ಲ, ಇಡೀ ಪೇಟೆಗೆ ಸೇರಿ ಒಂದೇ ಲೆಕ್ಕ. ಆಮೇಲೆ ಯಾರಿಗೋ ಬುದ್ಧಿ ಬಂದು ಬೀದಿವಾರು ನಂಬರ್ ಕೊಟ್ಟರು. ಹಳೆಯದನ್ನು ತೆಗೆಯಲಿಲ್ಲ. ಹಾಗಾಗಿ ಈಗ ಪ್ರತಿ ಬಾಗಿಲಿಗೂ ಎರಡು ಫಲಕ: ಕೆಂಪು ಫಲಕದಲ್ಲಿ ಪೇಟೆಯ ನಂಬರ್, ನೀಲಿಯಲ್ಲಿ ಬೀದಿಯ ನಂಬರ್. ಎರಡು ಸೂರ್ಯನ ಮನೆ ಕೆಂಪಿನಲ್ಲಿ 233, ನೀಲಿಯಲ್ಲಿ 47. ಅದರ ಜೊತೆಗೆ ಸೂರ್ಯ ಇಬ್ಬರು. ಒಂದು ಮನೆಗೆ ಮೂರು ವಿಳಾಸ. ಪೋಸ್ಟ್‌ಮ್ಯಾನ್ ಪಾಡು ದೇವರಿಗೇ ಪ್ರೀತಿ.

ನಾವು ಈ ಬೀದಿಯಲ್ಲಿ ಎಷ್ಟು ಹೊತ್ತು ಕಳೆದೆವೆಂದರೆ, ಹತ್ತುತ್ತಾ ಬರುತ್ತಿದ್ದ ಗುಂಪುಗಳು ನಮ್ಮನ್ನು ದಾಟಿ ಹೋದವು. ಛತ್ರಿ ಎತ್ತಿ ಹಿಡಿದ ಗೈಡ್ ಮುಂದೆ, ಬೆವರು ಒರೆಸಿಕೊಳ್ಳುವ ಮೂವತ್ತು ಜನ ಹಿಂದೆ. ಅವರ ಕಣ್ಣೆಲ್ಲ ಛತ್ರಿಯ ಮೇಲೆ. ಇಳಿಯುವವರಿಗೆ ಇದೊಂದು ಅನುಕೂಲ, ಉಸಿರು ಉಳಿದಿರುವುದರಿಂದ ತಲೆ ಎತ್ತಲು ಆಗುತ್ತದೆ.

ಚಾರ್ಲ್ಸ್ ಸೇತುವೆ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. 516 ಮೀಟರ್ ಉದ್ದ, 30 ಮೂರ್ತಿ, ಲೆಕ್ಕವಿಲ್ಲದಷ್ಟು ಸೆಲ್ಫಿ. ರಾಜ ನಾಲ್ಕನೇ ಚಾರ್ಲ್ಸ್ ಇದಕ್ಕೆ ಅಡಿಗಲ್ಲು ಹಾಕಿದ್ದು 1357ನೇ ಇಸವಿ, 9ನೇ ತಾರೀಖು, 7ನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಅನ್ನುತ್ತಾರೆ. ಅಂಕಿಗಳನ್ನು ಸಾಲಾಗಿ ಬರೆದರೆ 135797531, ಎತ್ತಲಿಂದ ಓದಿದರೂ ಒಂದೇ. ಮುಹೂರ್ತದ ಹುಚ್ಚು ನಮಗೊಬ್ಬರಿಗೇ ಅಲ್ಲ ಅಂತ ಹೆಂಡತಿಗೆ ಸಮಾಧಾನವಾಯಿತು. ಗಾರೆಗೆ ಮೊಟ್ಟೆ ಬೆರೆಸಿದರಂತೆ ಅನ್ನುವ ಕಥೆಯೂ ಇದೆ. ಊರೂರಿಂದ ಗಾಡಿಯಲ್ಲಿ ಮೊಟ್ಟೆ ಬಂತಂತೆ. ವೆಲ್ವರಿ ಅನ್ನುವ ಊರಿನವರು ದಾರಿಯಲ್ಲಿ ಒಡೆಯಬಾರದಲ್ಲ ಅಂತ ಬೇಯಿಸಿ ಕಳಿಸಿದರಂತೆ. ಪಾಪ, ಒಳ್ಳೆ ಜನ.

ಸೇತುವೆಯ ಮೇಲೆ ಸೇಂಟ್ ಜಾನ್ ನೆಪೋಮುಕ್ ಮೂರ್ತಿ 1683ರದು, ಅಲ್ಲಿರುವ ಸಂತರ ಮೂರ್ತಿಗಳಲ್ಲೆಲ್ಲ ಹಳೆಯದು. ಈತನನ್ನು 1393ರಲ್ಲಿ ಇದೇ ವಲ್ತಾವಾ ನದಿಗೆ ಎಸೆದದ್ದು. ಮೂರ್ತಿಯ ಕೆಳಗೆ ಆ ದೃಶ್ಯ ತೋರಿಸುವ ಕಂಚಿನ ಫಲಕವಿದೆ. ಮುಟ್ಟಿದರೆ ಮತ್ತೆ ಪ್ರಾಗ್‌ಗೆ ಬರುತ್ತೀರಿ ಅನ್ನುವ ನಂಬಿಕೆ. ಫಲಕವೆಲ್ಲ ಕಪ್ಪು, ಕೈ ತಾಗಿದ ಜಾಗ ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ಪಕ್ಕದ ಫಲಕದಲ್ಲಿ ಒಂದು ನಾಯಿ ಇದೆ, ಅದಕ್ಕೂ ಕಥೆಗೂ ಅಂಥ ಸಂಬಂಧವೇನಿಲ್ಲ. ಅದೂ ಹೊಳೆಯುತ್ತಿದೆ. ಜನಕ್ಕೆ ನಾಯಿ ಕಂಡರೆ ಸವರದೆ ಇರೋಕೆ ಆಗಲ್ಲ.

ಹಳೆಪೇಟೆಯ ಚೌಕದಲ್ಲಿ ಗಡಿಯಾರದ ಮುಂದೆ ಜಾತ್ರೆ. 1410ರ ಗಡಿಯಾರ. ಗಂಟೆ ಹೊಡೆಯುವ ಹೊತ್ತಿಗೆ ಅಸ್ಥಿಪಂಜರ ಗಂಟೆ ಎಳೆಯುತ್ತದೆ, ಕಿಟಕಿ ತೆರೆದು ಏಸುವಿನ ಶಿಷ್ಯರು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋಗುತ್ತಾರೆ, ಕೊನೆಗೆ ಚಿನ್ನದ ಕೋಳಿ ಕೂಗುತ್ತದೆ. “ಇಷ್ಟೇನಾ?” ಅಂತ ಜನ ಫೋನ್ ಇಳಿಸುತ್ತಾರೆ. ನನ್ನ ಕೇಳಿದರೆ ಗುಂಪು ಚದುರಿದ ಮೇಲೆಯೇ ಇದನ್ನು ನೋಡಬೇಕು. ಹೊರಗಿನ ಸುತ್ತಿನಲ್ಲಿ 24 ಅಂಕಿ ಇವೆ. ಅದು ಹಳೆಯ ಬೊಹೀಮಿಯಾದ ಗಂಟೆ, ಸೂರ್ಯ ಮುಳುಗಿದಾಗಿನಿಂದ ಲೆಕ್ಕ. ಮುಳುಗುವ ಹೊತ್ತು ದಿನದಿನಕ್ಕೆ ಬದಲಾಗುವುದರಿಂದ ಆ ಸುತ್ತೇ ಹಿಂದೆ ಮುಂದೆ ಸರಿಯುತ್ತದೆ. ಒಳಗೆ ಹನ್ನೆರಡು ರಾಶಿ. ಅರ್ಧ ಬೆಳ್ಳಿ, ಅರ್ಧ ಕಪ್ಪಾದ ಒಂದು ಪುಟ್ಟ ಗುಂಡು ಚಂದ್ರ. ಅದು ತನ್ನಷ್ಟಕ್ಕೆ ತಾನೇ ತಿರುಗುತ್ತಾ ಶುಕ್ಲಪಕ್ಷ, ಕೃಷ್ಣಪಕ್ಷ ತೋರಿಸುತ್ತದೆ. ಕೋಳಿ ಕೂಗುವುದು ನಿಮಿಷದ ಕೆಲಸ, ಇದು ಇಡೀ ದಿನದ ಕೆಲಸ.

ಪಕ್ಕದಲ್ಲೇ ಒಬ್ಬ ಗೈಡ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದ, ನಾವು ಬಿಟ್ಟಿಯಾಗಿ ಕಿವಿಗೊಟ್ಟೆವು. ಇಂಥದ್ದೇ ಇನ್ನೊಂದು ಮಾಡದಿರಲಿ ಅಂತ ಊರಿನವರು ಗಡಿಯಾರ ಮಾಡಿದವನ ಕಣ್ಣು ಕೀಳಿಸಿದರಂತೆ. ತಾಜ್‌ಮಹಲ್ ಕಟ್ಟಿದವರ ಕೈ ಕತ್ತರಿಸಿದ ಕಥೆ ಕೇಳಿ ಬೆಳೆದವರು ನಾವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಗುಂಪಿನವರು ನಿಂತಿದ್ದ ಜಾಗದಿಂದ ಸ್ವಲ್ಪ ಆಚೆ, ನೆಲಗಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು ಆ ದಂಗೆಯ ಮುಂದಾಳುಗಳಾದ 27 ಜನರನ್ನು ಅಲ್ಲೇ ಕೊಂದರು. ಕಿಟಕಿಯಿಂದ ಎಸೆದ ಕಥೆ ಶುರುವಾದದ್ದು ಮೇಲಿನ ಕೋಟೆಯಲ್ಲಿ, ಮುಗಿದದ್ದು ಇಲ್ಲಿ. ಉಲ್ಟಾ ನಡೆದು ಬಂದ ನಮಗೆ ಅದು ಸರಿಯಾದ ಕ್ರಮದಲ್ಲೇ ಸಿಕ್ಕಿತು.

ಅಲ್ಲಿಂದ ತ್ಸೆಲೆತ್ನಾ ಬೀದಿ ಹಿಡಿದು ಮದ್ದಿನ ಗೋಪುರಕ್ಕೆ ಬಂದೆವು. 1475ರಲ್ಲಿ ಕಟ್ಟಲು ಶುರುಮಾಡಿದ್ದು, ಮಸಿ ಹಿಡಿದು ಕಪ್ಪಗಿದೆ. ನಕ್ಷೆಯಲ್ಲಿ ನಂಬರ್ ಒಂದು. ಎಲ್ಲರೂ ಉತ್ಸಾಹದಲ್ಲಿ ಶುರುಮಾಡುವ ಜಾಗದಲ್ಲಿ ನಾವು ಕಾಲು ಎಳೆಯುತ್ತಾ ನಿಂತಿದ್ದೆವು. ಇಳಿಯುವುದು ಸುಲಭ ನಿಜ, ಆದರೆ ಇಡೀ ಊರಿಗೆ ಹಾಸಿರುವುದು ಮುಷ್ಟಿಗಾತ್ರದ ಕಲ್ಲು. ಪಾದದ ಒಂದೊಂದು ಮೂಳೆಗೂ ಬೇರೆ ಬೇರೆ ಲೆಕ್ಕ ಸಿಗುತ್ತದೆ.

“ಚಪ್ಪಲಿ ಅಂಗಡಿ ಯಾವ ನಂಬರಿನಲ್ಲಿದೆ?” ಗಿರಾಕಿ ಕೇಳಿದಳು. ನಕ್ಷೆಯಲ್ಲಿ ಅದಕ್ಕೆ ನಂಬರಿಲ್ಲ. ಆದರೆ ಹತ್ತಿರದಲ್ಲೇ ವೆನ್ಸೆಸ್ಲಾಸ್ ಚೌಕ, ಅಲ್ಲಿ ಉದ್ದಕ್ಕೂ ಗಾಜು ಹಾಕಿದ ದೊಡ್ಡ ಕಟ್ಟಡ, ಮೇಲೆ ಕೆಂಪು ಅಕ್ಷರದಲ್ಲಿ ಬಾಟಾ.

“ಅರೆ, ಬಾಟಾ ನಮ್ಮದಲ್ವಾ!”

ನಮ್ಮದಲ್ಲ, ಇವರದು. ತೋಮಾಶ್ ಬಾಟಾ ಅಣ್ಣ, ಅಕ್ಕನ ಜೊತೆ 1894ರಲ್ಲಿ ಜ್ಲಿನ್ ಊರಿನಲ್ಲಿ ಶುರುಮಾಡಿದ್ದು. ಭಾರತಕ್ಕೆ ಬಂದದ್ದು 1931ರಲ್ಲಿ. ಈ ಕಟ್ಟಡವೂ 1929ರದು, ಬೆಟ್ಟದ ಮೇಲಿನ ಚರ್ಚು ಮುಗಿದ ವರ್ಷವೇ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಅಪ್ಪ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದ ಅಂಗಡಿ ಪರದೇಶದ್ದು ಅಂತ ಒಪ್ಪೋಕೆ ಅವಳು ತಯಾರಿರಲಿಲ್ಲ. ಒಳಗೆ ಹೋಗಿ ಮೆತ್ತನೆಯ ಒಂದು ಜೋಡಿ ಹಾಕಿಕೊಂಡಳು, ತಿರುಗಿಸಿ ಚೀಟಿ ನೋಡಿದಳು. ಬೆಲೆಯ ಕೊನೆಯಲ್ಲಿ 99. ಜೆಕ್ ಜನ ಇಂಥ ಬೆಲೆಗೆ ಬಾಟಾ ಬೆಲೆ ಅಂತಲೇ ಹೇಳುತ್ತಾರೆ.

“ನೋಡಿ, ನಮ್ಮದೇ,” ಅಂದಳು.