ಚೆಕ್ಕಿನ ಫೋಟೊ ಇರಲಿ, ಬಿಲ್ ದುಡ್ಡು ಯಾವಾಗ ಕೊಡ್ತೀರಿ?

ಮಾರ್ಚ್ ತಿಂಗಳು ಬಂತೆಂದರೆ ನನ್ನ ಫೇಸ್‌ಬುಕ್ ತುಂಬಾ ಒಂದೇ ಥರದ ಫೋಟೊಗಳು. ಥರ್ಮಾಕೋಲಿನ ದೊಡ್ಡ ಚೆಕ್ಕು, ಅದನ್ನು ಹಿಡಿದು ನಿಂತ ಕೋಟಿನ ನಾಲ್ಕು ಜನ, ಅಂಚಿನಲ್ಲಿ ಮುದುಡಿ ನಿಂತ ಹೆಡ್‌ಮಾಸ್ತರು, ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೆಲದ ಮೇಲೆ ಕೂತ ಮಕ್ಕಳು. ಮಾರ್ಚೇ ಯಾಕೆಂದರೆ, ಆರ್ಥಿಕ ವರ್ಷ ಮುಗಿಯುವುದರೊಳಗೆ ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿಗಳು ಕಾನೂನಿನ ಪ್ರಕಾರ ಸಮಾಜಕ್ಕೆ ಕೊಡಬೇಕಾದ ಪಾಲು, ಖರ್ಚಾಗಬೇಕು. ನಾನು ಬೆಳಗಾವಿಯಲ್ಲಿ ಸಣ್ಣ ಕಾರ್ಖಾನೆಗಳ ಲೆಕ್ಕ ನೋಡುವ ಆಡಿಟರ್. ಅದೇ ಮಾರ್ಚಿನಲ್ಲಿ ನನ್ನ ಟೇಬಲ್ಲಿಗೆ ಇನ್ನೊಂದು ಪಟ್ಟಿ ಬರುತ್ತದೆ: ಯಾವ ಕಂಪನಿಯಿಂದ ಎಷ್ಟು ಬಾಕಿ, ಎಷ್ಟು ದಿನದಿಂದ ಬಾಕಿ. ಫೋಟೊದಲ್ಲಿರುವ ಹೆಸರುಗಳು ಈ ಪಟ್ಟಿಯಲ್ಲೂ ಆಗಾಗ ಸಿಗುತ್ತವೆ. ಹೆಸರು ಹೇಳಲ್ಲ, ಕಾಮೆಂಟಿನಲ್ಲಿ ಕೇಳಬೇಡಿ.

ಕಂಪನಿಗಳು ಊರಿಗೆ ಏನು ಮಾಡಬೇಕು ಅಂತ ಚರ್ಚೆ ಶುರುವಾದರೆ ಎಲ್ಲರೂ ಸೀದಾ ‘ಎರಡು ಪರ್ಸೆಂಟ್’ಗೆ ಹೋಗಿ ನಿಲ್ಲುತ್ತಾರೆ. ಆ ಲೆಕ್ಕವನ್ನೇ ಮೊದಲು ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದರೂ ಸಾಕು, ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಪರ್ಸೆಂಟ್ ಸಮಾಜಕ್ಕೆ ಖರ್ಚು ಮಾಡಬೇಕು. ಅಂದರೆ ಸರಾಸರಿ 50 ಕೋಟಿ ಲಾಭ ಇರುವ ಕಂಪನಿ ಒಂದು ಕೋಟಿ ಕೊಡಬೇಕು. ಅದೇ ಕಂಪನಿ ವರ್ಷವಿಡೀ ಎರಕ, ಮೆಷಿನಿಂಗ್, ಪ್ಯಾಕಿಂಗ್, ಕ್ಯಾಂಟೀನು, ಬಸ್ಸು, ಸೆಕ್ಯೂರಿಟಿ ಅಂತ ಅದರ ಎಷ್ಟೋ ಪಟ್ಟು ಹೆಚ್ಚು ಖರ್ಚು ಮಾಡಿರುತ್ತದೆ. ಆ ಖರ್ಚು ಯಾರ ಕೈಗೆ, ಎಷ್ಟು ದಿನದೊಳಗೆ ಸೇರಿತು ಅನ್ನುವುದರ ಮೇಲೆ ಊರಿನ ಹಣೆಬರಹ ನಿಂತಿದೆ. ಅದನ್ನು ಯಾರೂ ಕೇಳುವುದಿಲ್ಲ, ಯಾಕೆಂದರೆ ಅದರ ಫೋಟೊ ತೆಗೆಯಲು ಬರುವುದಿಲ್ಲ.

ಸಿಎಸ್‌ಆರ್ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕೆಲಸಗಳೂ ನಡೆದಿವೆ. ಬೆಂಗಳೂರಿನ ಹಳದಿ ಮಾರ್ಗದ ಕೋನಪ್ಪನ ಅಗ್ರಹಾರ ಮೆಟ್ರೊ ನಿಲ್ದಾಣಕ್ಕೆ ಇನ್ಫೊಸಿಸ್ ಫೌಂಡೇಶನ್ ದುಡ್ಡು ಕೊಟ್ಟಿದೆ, ದಿನಾ ಸಾವಿರಾರು ಜನ ಅಲ್ಲಿ ಹತ್ತಿ ಇಳಿಯುತ್ತಾರೆ. ಆದರೆ ನಮ್ಮ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ನಾನು ನೋಡಿದ್ದೇ ಬೇರೆ. ವರಾಂಡದಲ್ಲಿ ನೀರು ಶುದ್ಧ ಮಾಡುವ ಮೆಷಿನ್, ಅದರ ಮೇಲೆ ಶಾಲೆಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಕಂಪನಿ ಹೆಸರು. ನಲ್ಲಿ ತಿರುಗಿಸಿದರೆ ಗಾಳಿ ಬರುತ್ತದೆ. ಫಿಲ್ಟರ್ ಬದಲಿಸಬೇಕಾದ ತಾರೀಖನ್ನು ಯಾರೋ ಮಾರ್ಕರ್‌ನಲ್ಲಿ ಬರೆದಿದ್ದಾರೆ, ಅದು ದಾಟಿ ಎಷ್ಟೋ ಕಾಲವಾಗಿದೆ. ಪಕ್ಕದ ಕೋಣೆಯ ಸ್ಮಾರ್ಟ್ ಕ್ಲಾಸ್ ಟೀವಿಗೆ ಬಂದ ದಿನದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇದೆ. ಹೆಡ್‌ಮಾಸ್ತರನ್ನು ಕೇಳಿದರೆ, ಫಿಲ್ಟರಿಗೆ ಅನುದಾನ ಇಲ್ಲ, ಕಂಪನಿಯ ಪ್ರಾಜೆಕ್ಟ್ ಮುಗಿದಿದೆ ಅಂದರು. ಖರೀದಿಗೆ ದುಡ್ಡು ಇತ್ತು, ರಿಪೇರಿಗೆ ಇಲ್ಲ. ವರದಿಯಲ್ಲಿ ಮಾತ್ರ ಆ ಮೆಷಿನ್ ಇವತ್ತಿಗೂ ಮಕ್ಕಳಿಗೆ ನೀರು ಕುಡಿಸುತ್ತಿದೆ.

ಇನ್ನೊಂದು ವಿಷಯ. ಕಂಪನಿ ಕೆಲಸ ಮಾಡುವ ಸ್ಥಳ ಮತ್ತು ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಆದರೆ 2021ರಲ್ಲಿ ಕೇಂದ್ರದ ಕಾರ್ಪೊರೇಟ್ ಸಚಿವಾಲಯ ಅದು ಸೂಚನೆ ಅಷ್ಟೇ, ಕಡ್ಡಾಯವಲ್ಲ ಅಂತ ಸ್ಪಷ್ಟನೆ ಕೊಟ್ಟಿತು. ಹಾಗಾಗಿ ಧೂಳು ಕುಡಿಯುವ ಊರು ಒಂದು, ದುಡ್ಡು ಬೀಳುವ ಊರು ಇನ್ನೊಂದು ಆಗಬಹುದು, ಯಾರೂ ತಪ್ಪಿತಸ್ಥರಲ್ಲ. ಗಣಿಗಳಿಗಾದರೆ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಹಳೆಯ ಗುತ್ತಿಗೆಗಳು ರಾಯಲ್ಟಿಯ ಜೊತೆಗೆ ಅದರ 30 ಪರ್ಸೆಂಟ್‌ನಷ್ಟು, ಹರಾಜಿನಲ್ಲಿ ಪಡೆದವು 10 ಪರ್ಸೆಂಟ್‌ನಷ್ಟು ಆ ಜಿಲ್ಲೆಗೇ ಕಟ್ಟಬೇಕು. ಸಂಡೂರಿನ ಜನರ ತಕರಾರು ಆ ದುಡ್ಡು ಹೇಗೆ ಖರ್ಚಾಗುತ್ತದೆ ಅನ್ನುವುದರ ಬಗ್ಗೆ. ಅದು ಬೇರೆಯೇ ಪೋಸ್ಟು.

ಈಗ ನನ್ನ ಟೇಬಲ್ಲಿನ ಪಟ್ಟಿಗೆ ಬರುತ್ತೇನೆ. ಉದ್ಯಮಬಾಗ, ಮಚ್ಛೆ ಕಡೆ ಬಂದವರಿಗೆ ಗೊತ್ತು, ಬೆಳಗಾವಿ ಅಂದರೆ ಬರೀ ಕುಂದಾ ಅಲ್ಲ, ಫೌಂಡ್ರಿಗಳ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳ ಊರು. ಪಂಪು, ವಾಲ್ವು, ವಾಹನಗಳ ಬಿಡಿಭಾಗ ಅಂತ ದೇಶದ ಮೂಲೆಮೂಲೆಗೆ ಇಲ್ಲಿಂದ ಎರಕ ಹೋಗುತ್ತದೆ. ಒಬ್ಬ ಸಣ್ಣ ಫೌಂಡ್ರಿಯವನ ತಿಂಗಳು ಹೇಗಿರುತ್ತದೆ ನೋಡಿ. ಸ್ಕ್ರ್ಯಾಪಿಗೆ ಕೈಯಲ್ಲಿ ರೊಕ್ಕ ಇಡಬೇಕು. ಹೆಸ್ಕಾಂ ಬಿಲ್ಲು ತಪ್ಪಿಸುವಂತಿಲ್ಲ, ಫರ್ನೇಸು ಕರೆಂಟಿನ ಮೇಲೆ ನಿಂತಿದೆ. ಮೋಲ್ಡಿಂಗ್ ಹುಡುಗರಿಗೆ ವಾರದ ಪಗಾರ. ಮಾಲು ಹೋಯಿತು, ಇನ್‌ವಾಯ್ಸ್ ಆಯಿತು. ಮುಂದಿನ ತಿಂಗಳ 20ನೇ ತಾರೀಖಿಗೆ ಆ ಬಿಲ್ಲಿನ ಜಿಎಸ್‌ಟಿ ಕಟ್ಟಬೇಕು. ದುಡ್ಡು ಬಂದಿದೆಯೋ ಇಲ್ಲವೋ ಸರಕಾರ ಕೇಳುವುದಿಲ್ಲ. ಆಚೆ ದೊಡ್ಡ ಕಂಪನಿ ಅದೇ ಬಿಲ್ಲಿನ ಮೇಲೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡು, ಅಂದರೆ ಆ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡು ಕೂತಿರುತ್ತದೆ. ಅಂದರೆ ಇವನು ಮಾಲೂ ಕೊಟ್ಟ, ತೆರಿಗೆಯನ್ನೂ ಕಟ್ಟಿದ, ಎರಡಕ್ಕೂ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಯಲ್ಲಿ ಬಡ್ಡಿ ತುಂಬುತ್ತಿದ್ದಾನೆ.

ಕಾನೂನು ಇಲ್ಲ ಅಂದುಕೊಳ್ಳಬೇಡಿ, ಗಟ್ಟಿಯಾಗೇ ಇದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ದುಡ್ಡು ಕೊಡಲು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ರೇಟಿನ ಮೂರು ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಮಾಲು ತಲುಪಿ 15 ದಿನದೊಳಗೆ ಲಿಖಿತ ತಕರಾರು ಬರದಿದ್ದರೆ ಒಪ್ಪಿಕೊಂಡ ಹಾಗೆಯೇ ಲೆಕ್ಕ. ಇಷ್ಟೆಲ್ಲ ಇದ್ದೂ, ಆ ಬಡ್ಡಿಯನ್ನು ಕೇಳಿ ಪಡೆದ ಕ್ಲೈಂಟ್ ನನ್ನ ಫೈಲುಗಳಲ್ಲಿ ಇಲ್ಲ. ಒಬ್ಬರಿಗೆ ಲೆಕ್ಕ ಹಾಕಿ ತೋರಿಸಿದೆ, ಮೊತ್ತ ಸಣ್ಣದಿರಲಿಲ್ಲ. ಅವರು ನಕ್ಕು, ‘ಇದನ್ನ ಕೇಳಿದ್ರ ಮುಂದಿನ ಆರ್ಡರ್ ಬರೂದಿಲ್ರಿ ಸರ, ಅಲ್ಲೇ ಬಿಡ್ರಿ’ ಅಂದರು. ಸಮಾಧಾನ್ ಅಂತ ಸರಕಾರದ ಪೋರ್ಟಲ್ ಇದೆ, ದೂರು ಕೊಡಬಹುದು. ಇರುವ ಒಬ್ಬ ದೊಡ್ಡ ಗಿರಾಕಿಯ ಮೇಲೆ ದೂರು ಕೊಡುವ ಧೈರ್ಯ ಯಾರಿಗಿದೆ? ಹೆಸರು ಮಾತ್ರ ಚೆನ್ನಾಗಿದೆ.

2023–24ರ ಲೆಕ್ಕದಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂತು, ನಮ್ಮ ಭಾಷೆಯಲ್ಲಿ 43ಬಿ(ಎಚ್). ಗಡುವಿನೊಳಗೆ ಸಣ್ಣವರಿಗೆ ಕೊಡದ ದುಡ್ಡನ್ನು ಆ ವರ್ಷದ ಖರ್ಚು ಅಂತ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಅದು ಕೆಲವು ಕಡೆ ಕೆಲಸ ಮಾಡಿತು, ಮಾರ್ಚ್ ಕೊನೆಯ ವಾರ ಹಳೆಯ ಬಾಕಿಗಳು ದಬದಬ ಬಂದು ಬಿದ್ದವು. ಇನ್ನು ಕೆಲವು ಕಡೆ ಪರ್ಚೇಸ್ ಮ್ಯಾನೇಜರ್ ಫೋನ್ ಮಾಡಿ, ‘ನಿಮ್ಮ ಉದ್ಯಮ್ ರಿಜಿಸ್ಟ್ರೇಶನ್ ತೆಗೆಸಿಬಿಡಿ, ಆಮೇಲೆ ಆರ್ಡರ್ ಬಗ್ಗೆ ಮಾತಾಡೋಣ’ ಅಂದರು. ಸಣ್ಣ ಉದ್ದಿಮೆ ಅನ್ನುವ ಆ ನೋಂದಣಿ ಇಲ್ಲದಿದ್ದರೆ ಈ ಬಿಗಿ ಅವರಿಗೆ ತಟ್ಟುವುದಿಲ್ಲ. ಹೀಗೆ ಫೋನ್ ಮಾಡಿಸಿದ ಒಂದು ಕಂಪನಿಯ ಗೇಟಿನ ಪಕ್ಕದಲ್ಲೇ ‘ನಮ್ಮ ಸಮುದಾಯ, ನಮ್ಮ ಜವಾಬ್ದಾರಿ’ ಅನ್ನೋ ಬೋರ್ಡಿದೆ. ಬೋರ್ಡು ಚೆನ್ನಾಗಿ ಮಾಡಿಸಿದ್ದಾರೆ, ರಾತ್ರಿ ಲೈಟೂ ಉರಿಯುತ್ತದೆ.

‘ಹಾಗಾದರೆ ಕಂಪನಿ ಏನು ಮಾಡಬೇಕು ಅಂತೀರಿ?’ ಅಂದರೆ ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ, ಕರಾವಳಿಗೆ ಹೋದರೆ ಸಾಕು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಬಂಡವಾಳ 8,000 ರೂಪಾಯಿ. ಕೈಮಗ್ಗ ನೆಲಕಚ್ಚಿ ನೇಕಾರರು ಕಷ್ಟದಲ್ಲಿದ್ದ ಕಾಲ, ಅವರಿಗೆ ಸಾಲ ಒದಗಿಸುವುದು ಮೂಲ ಉದ್ದೇಶ. 1928ರಲ್ಲಿ ಪಿಗ್ಮಿ ಶುರುವಾಯಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಎರಡಾಣೆಯಾದರೂ ಸೈ ಅಂತ ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಿದ್ದ. ಬ್ಯಾಂಕು ಬಡವರಿಗೆ ಏನನ್ನೂ ದಾನ ಮಾಡಲಿಲ್ಲ. ಅವರ ಎರಡಾಣೆಯನ್ನು ಗೌರವದಿಂದ ಎಣಿಸಿತು, ಸಾಲ ಕೊಟ್ಟು ಬಡ್ಡಿ ವಸೂಲು ಮಾಡಿತು, ತಾನೂ ಬೆಳೆಯಿತು. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿ ಹೋಯಿತು. ಸಿಎಸ್‌ಆರ್ ಅನ್ನೋ ಮೂರಕ್ಷರ ಆಗ ಯಾರಿಗೂ ಗೊತ್ತಿರಲಿಲ್ಲ.

ಮಂಗಳೂರಿನ ಕ್ಯಾಂಪ್ಕೊ ಕಥೆ ಇನ್ನೂ ಪಾಠದಂಥದ್ದು. ಅಡಿಕೆ ತೋಟದ ನಡುವೆ ಕೋಕೊ ಹಾಕಿ ಅಂತ ರೈತರಿಗೆ ಹೇಳಿದರು, ಹಾಕಿದರು. ಬೆಲೆ ಬಿದ್ದಾಗ ಕೊಳ್ಳುವವರು ಹಿಂದೆ ಸರಿದರು. ಗಿಡ ನೆಟ್ಟವನು ಎಲ್ಲಿಗೆ ಸರಿಯಬೇಕು? 1973ರಲ್ಲಿ ಅಡಿಕೆ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕಟ್ಟಿಕೊಂಡಿದ್ದ ಕ್ಯಾಂಪ್ಕೊ ಆಗ ಕೋಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅದು ಸಹಕಾರಿ ಸಂಸ್ಥೆ, ಕಂಪನಿ ಅಲ್ಲ, ನಿಜ. ನಾನು ಹೇಳುವುದು ಇಷ್ಟು: ಬೆಲೆ ಬಿದ್ದ ವರ್ಷವೂ ‘ನಿಮ್ಮ ಮಾಲು ತಗೋತೀವಿ’ ಅಂದ ಸಂಸ್ಥೆ ಆ ತಾಲೂಕಿಗೆ ಮಾಡಿದ ಉಪಕಾರದ ಮುಂದೆ ಹತ್ತು ಶಾಲೆಗೆ ಬಣ್ಣ ಹೊಡೆಸಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಕೆಲಸದ ವಿಚಾರಕ್ಕೆ ಬಂದರೆ ನಾವೂ ಸ್ವಲ್ಪ ಯೋಚಿಸಬೇಕು. ಕನ್ನಡಿಗರಿಗೆ ಕೆಲಸದಲ್ಲಿ ಪಾಲು ಕೇಳಿದ ಸರೋಜಿನಿ ಮಹಿಷಿ ವರದಿಯಿಂದ ಹಿಡಿದು, 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿ ಕೆಲವೇ ದಿನದಲ್ಲಿ ತಡೆಹಿಡಿದ ಸ್ಥಳೀಯರ ಮೀಸಲಾತಿ ಮಸೂದೆವರೆಗೆ ಜಗಳ ಪರ್ಸೆಂಟ್ ಸುತ್ತಲೇ ತಿರುಗುತ್ತಿದೆ. ನಮ್ಮ ಹುಡುಗರಿಗೆ ಕೆಲಸ ಸಿಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಮೆಷಿನ್ ನಡೆಸಲು ಬಾರದ ಐಟಿಐ ಸರ್ಟಿಫಿಕೇಟಿಗೆ ಮೀಸಲಾತಿ ಕೊಟ್ಟರೆ ಅವನು ಗೇಟ್ ಕಾಯುವ ಕೆಲಸಕ್ಕೇ ಸೇರುತ್ತಾನೆ. ಬಿಡದಿಯಲ್ಲಿ ಟೊಯೊಟಾ 2007ರಲ್ಲಿ ತಾಂತ್ರಿಕ ತರಬೇತಿ ಸಂಸ್ಥೆ ತೆರೆದು, ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಬಡ ಮಕ್ಕಳನ್ನು ಹಾಸ್ಟೆಲ್ಲಿನಲ್ಲಿಟ್ಟು ಮೂರು ವರ್ಷ ಕಲಿಸುತ್ತಾ ಬಂದಿದೆ. ದೊಡ್ಡ ಕಾರ್ಖಾನೆ ಇರುವ ಪ್ರತಿ ಜಿಲ್ಲೆಯಲ್ಲಿ ಇಂಥದ್ದೊಂದು ಇದ್ದಿದ್ದರೆ ಮಸೂದೆಯ ಗಲಾಟೆ ಅರ್ಧ ಕಡಿಮೆ ಆಗುತ್ತಿತ್ತು. ಕಂಪನಿಗೂ ಕಷ್ಟವಿಲ್ಲ, ಕಲಿತ ಕೆಲಸಗಾರ ಅದಕ್ಕೇ ಬೇಕು.

ಹಾಗಂತ ಕಂಪನಿಯೇ ಊರಿಗೆ ತಾಯಿ ತಂದೆ ಆಗಲಿ ಅನ್ನುವುದೂ ಅಪಾಯ. ಭದ್ರಾವತಿ ನೋಡಿ. 1918ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, 1923ಕ್ಕೆ ಉತ್ಪಾದನೆ. ಅದರ ಸುತ್ತಲೇ ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಒಂದು ಇಡೀ ಪಟ್ಟಣ ಬೆಳೆಯಿತು. 2023ರ ಆರಂಭದಲ್ಲಿ ಮುಚ್ಚುವ ನಿರ್ಧಾರದ ಸುದ್ದಿ ಬಂದಾಗ ಬೀದಿಗೆ ಇಳಿದವರಲ್ಲಿ ಕಾರ್ಮಿಕರಷ್ಟೇ ಇರಲಿಲ್ಲ, ಊರೇ ಇತ್ತು. ಒಂದೇ ಗೇಟಿನ ಮೇಲೆ ನಿಂತ ಊರಿಗೆ ಆ ಗೇಟು ಮುಚ್ಚಿದರೆ ಬೇರೆ ದಾರಿ ಇಲ್ಲ. ಬೆಳಗಾವಿಯ ಫೌಂಡ್ರಿಗಳು ಇಷ್ಟು ಏಟು ತಿಂದೂ ಉಳಿದಿರುವುದು ಅವುಗಳಿಗೆ ಒಟ್ಟಾರೆಯಾಗಿ ಹತ್ತಾರು ಊರಿನಲ್ಲಿ ಹತ್ತಾರು ಗಿರಾಕಿಗಳು ಇರುವುದರಿಂದ. ಅದಕ್ಕೇ ನನ್ನ ವಾದ, ಊರನ್ನು ಸಾಕುವ ಕಂಪನಿ ಬೇಡ, ಸಣ್ಣವರ ಜೊತೆ ನೇರ್ಪಾಗಿ ವ್ಯಾಪಾರ ಮಾಡುವ ಕಂಪನಿ ಬೇಕು.

ಪರೀಕ್ಷೆ ಮಾಡುವುದು ಹೇಗೆ? ಬಹಳ ಸುಲಭ, ಆಡಿಟರ್ ಬೇಕಾಗಿಲ್ಲ. ಷೇರುಪೇಟೆಯಲ್ಲಿರುವ ಯಾವುದೇ ಕಂಪನಿಯ ವಾರ್ಷಿಕ ವರದಿ ಅದರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಮುಂದಿನ ಬಣ್ಣದ ಪುಟಗಳನ್ನು ಹಾರಿಸಿ. ಹಿಂದೆ, ಟಿಪ್ಪಣಿಗಳಲ್ಲಿ, ಟ್ರೇಡ್ ಪೇಯಬಲ್ಸ್, ಅಂದರೆ ಮಾಲು ಕೊಟ್ಟವರಿಗೆ ಕೊಡಬೇಕಾದ ದುಡ್ಡು, ಅಂತ ಒಂದು ಕೋಷ್ಟಕ ಇರುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಎಷ್ಟು ಬಾಕಿ, ಎಷ್ಟು ಹಳೆಯದು, ಎಷ್ಟರ ಬಗ್ಗೆ ವ್ಯಾಜ್ಯ ಅಂತ ಅಲ್ಲೇ ಬೇರೆಯಾಗಿ ತೋರಿಸಬೇಕು. ಅದರ ಪಕ್ಕ ಸಿಎಸ್‌ಆರ್ ಪುಟ ಇಟ್ಟುಕೊಂಡು ಓದಿ. ಇದರ ಜೊತೆಗೆ, 45 ದಿನ ಮೀರಿದ ಬಾಕಿ ಇದ್ದರೆ ಎಂಎಸ್‌ಎಂಇ-1 ಅಂತ ಆರು ತಿಂಗಳಿಗೊಮ್ಮೆ ಸರಕಾರಕ್ಕೆ ಫಾರ್ಮ್ ತುಂಬಬೇಕು, ಕಾರಣವನ್ನೂ ಬರೆಯಬೇಕು.

ನನ್ನ ಬೇಡಿಕೆ ಒಂದೇ. ಸರಕಾರ ಕಂಪನಿಗಳಿಗೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಜಮೀನು ಕೊಡುತ್ತದೆ, ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತದೆ, 2025–30ರ ಕೈಗಾರಿಕಾ ನೀತಿಯಲ್ಲಿ ಪ್ರೋತ್ಸಾಹಧನವನ್ನೂ ಕೊಡುತ್ತದೆ. ಆ ಜಮೀನು ಯಾರದೋ ಹೊಲವಾಗಿತ್ತು. ಈ ಸವಲತ್ತಿನ ಪತ್ರದಲ್ಲಿ ಒಂದು ಸಾಲು ಸೇರಿಸಲಿ: ರಾಜ್ಯದ ಸಣ್ಣ ಉದ್ದಿಮೆಗಳ ಬಿಲ್ಲಿನ ದುಡ್ಡನ್ನು 45 ದಿನದೊಳಗೆ ಕೊಡದಿದ್ದರೆ ಆ ವರ್ಷದ ಪ್ರೋತ್ಸಾಹಧನ ಕಟ್. ಚಳಿಗಾಲದ ಅಧಿವೇಶನಕ್ಕೆ ನಮ್ಮೂರಿನ ಸುವರ್ಣ ವಿಧಾನಸೌಧಕ್ಕೆ ಎಲ್ಲ ಶಾಸಕರೂ ಬರುತ್ತಾರೆ. ಅದಕ್ಕೂ ಮೊದಲು ಯಾರಾದರೂ ಒಬ್ಬರು ಚುಕ್ಕೆ ಗುರುತಿನ ಪ್ರಶ್ನೆ ಹಾಕಲಿ, ರಿಯಾಯಿತಿ ಪಡೆದ ಕಂಪನಿಗಳ ಪೈಕಿ ಎಷ್ಟು ಕಂಪನಿಗಳು ಎಂಎಸ್‌ಎಂಇ-1ರಲ್ಲಿ ಬಾಕಿ ತೋರಿಸಿವೆ ಅಂತ. ಪ್ರಶ್ನೆಯ ಕರಡು ಬೇಕಾದರೆ ನಾನೇ ಬರೆದು ಕೊಡುತ್ತೇನೆ, ಇನ್‌ಬಾಕ್ಸಿಗೆ ಬನ್ನಿ.